ಕಾಡಿನ ಆರೋಗ್ಯ, ಜನರ ಆರೋಗ್ಯ ಎರಡನ್ನೂ ಡೇಟಾ ಸೈನ್ಸ್‌ನಿಂದ ಜೋಡಿಸಬೇಕು, ಯಾವ ಮಾಡೆಲ್ ಕಲಿಯಲಿ?

ನೀವು ತೀರ್ಥಹಳ್ಳಿ ಕಡೆಯವರು, ಬಿಇ ಮುಗಿಸಿದ್ದೀರಿ. ಉಪಗ್ರಹದ ಚಿತ್ರ, ಮಳೆ, ಆಸ್ಪತ್ರೆ ಲೆಕ್ಕ ಎಲ್ಲ ಸೇರಿಸಿ ಮಂಗನ ಕಾಯಿಲೆ ಎಲ್ಲಿ ಬರುತ್ತದೆ ಎಂದು ಮೊದಲೇ ಹೇಳಬೇಕು ಅಂತಿದ್ದೀರಿ. ಕೆಲವು ವರ್ಷದ ಹಿಂದೆ ನಾನೂ ಇದೇ ಮಾತಾಡುತ್ತಿದ್ದೆ. ಮಾಡೆಲ್, ಅಂದರೆ ಹಳೆಯ ಡೇಟಾದಿಂದ ಕಲಿತು ಮುಂದಿನದನ್ನು ಅಂದಾಜು ಮಾಡುವ ಪ್ರೋಗ್ರಾಂ, ಅದರ ವಿಷಯ ಆಮೇಲೆ. ಮೊದಲು ನಮ್ಮ ಮಾವನಿಗೆ ಆದದ್ದು ಕೇಳಿ.

ನಮ್ಮೂರು ಸಾಗರ. ಆಗ ಬೆಂಗಳೂರಲ್ಲಿ ಕೆಲಸದಲ್ಲಿದ್ದೆ. 2019ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಈ ಕಾಯಿಲೆಯಿಂದ ಜನ ಸತ್ತಾಗ ಸುಮ್ನೆ ಕೂರಲು ಆಗಲಿಲ್ಲ. ರಾತ್ರಿ ಕೂತು ಡೇಟಾ ಒಟ್ಟು ಮಾಡಿದೆ. ಸೆಂಟಿನೆಲ್-2 ಉಪಗ್ರಹದ ಚಿತ್ರ, ಮಳೆ ಲೆಕ್ಕ, ಜಾನುವಾರು ಗಣತಿ. ಮಂಗ ಸತ್ತ ಸುದ್ದಿಯನ್ನು ಪತ್ರಿಕೆಗಳ ಜಿಲ್ಲಾ ಪುಟಗಳಿಂದ ಒಂದೊಂದಾಗಿ ಹೆಕ್ಕಿದೆ. ಹಳ್ಳಿಗೊಂದು ಸಾಲು, ವಾರಕ್ಕೊಂದು ಕಾಲಂ.

ಮಂಗ ಸತ್ತದ್ದು ಯಾಕೆ ಮುಖ್ಯ ಅಂತ ನಿಮಗೂ ಗೊತ್ತಿರಬಹುದು. ಕಾಯಿಲೆ ಹರಡುವುದು ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ. ಮಂಗ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗು ಸುತ್ತಲಿನ ತರಗೆಲೆಗೆ ಇಳಿಯುತ್ತವೆ. ಆ ಜಾಗದಲ್ಲಿ ಓಡಾಡಿದವರಿಗೆ ಅಪಾಯ. ಮಳೆಗಾಲ ಕಳೆದು ಡಿಸೆಂಬರ್ ಹೊತ್ತಿಗೆ ಎಳೆ ಉಣುಗು ಜಾಸ್ತಿಯಾಗುತ್ತವೆ, ಮೇ ತಿಂಗಳವರೆಗೂ ಕಾಟ. ಎಳ್ಳಿನಷ್ಟಿರುತ್ತವೆ, ಕಚ್ಚಿದ್ದೇ ಗೊತ್ತಾಗುವುದಿಲ್ಲ. ನಮ್ಮವರು ಕೊಟ್ಟಿಗೆಗೆ, ತೋಟಕ್ಕೆ ದರಕು (ಒಣ ತರಗೆಲೆ) ಗುಡಿಸಿ ತರುವುದೂ ಅದೇ ದಿನಗಳಲ್ಲಿ.

ಈಗ ನನ್ನ ತಪ್ಪು. ಪಟ್ಟಿಯಲ್ಲಿ ಹೆಚ್ಚಿನ ಮನೆಗಳು (ಚೌಕಗಳು) ಖಾಲಿ ಇದ್ದವು. ಆ ಹಳ್ಳಿಯಿಂದ ಆ ವಾರ ಸುದ್ದಿ ಬಂದಿರಲಿಲ್ಲ, ಅಷ್ಟೆ. ಖಾಲಿ ಬಿಟ್ಟರೆ ಮಾಡೆಲ್ ಓಡುತ್ತಿರಲಿಲ್ಲ. ಪೈಥಾನ್‌ನಲ್ಲಿ ಒಂದೇ ಸಾಲು ಕೋಡ್ ಬರೆದು ಎಲ್ಲ ಖಾಲಿ ಮನೆಗೂ 0 ತುಂಬಿದೆ.

ಆ ಒಂದು ಸಾಲಿನಿಂದ ಏನಾಯಿತು ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದವಾದರೂ ಓದಿ. 0 ಅಂದರೆ 'ಹುಡುಕಿದೆವು, ಸತ್ತ ಮಂಗ ಇರಲಿಲ್ಲ' ಎಂದು ಅರ್ಥ. ಖಾಲಿ ಅಂದರೆ 'ಯಾರೂ ನೋಡಲಿಲ್ಲ', ಇಲ್ಲವೇ 'ನೋಡಿದವರು ಹೇಳಲಿಲ್ಲ'. ಸುದ್ದಿ ಎಲ್ಲಿಂದ ಬರುತ್ತದೆ? ರಸ್ತೆ ಇರುವ, ಫೋನ್ ಸಿಗ್ನಲ್ ಇರುವ, ಪತ್ರಿಕೆಯವರ ಪರಿಚಯ ಇರುವ ಊರಿನಿಂದ. ಹಾಗಾಗಿ ನನ್ನ ಮಾಡೆಲ್ ಕಲಿತದ್ದು ಕಾಯಿಲೆಯನ್ನಲ್ಲ, ರಸ್ತೆಯನ್ನು. ಸಾಲದ್ದಕ್ಕೆ, ಮಂಗ ಸತ್ತ ಸುದ್ದಿ ಬಂದ ಊರಿಗೆ ಆರೋಗ್ಯ ಇಲಾಖೆಯವರು ಹೋಗುತ್ತಾರೆ, ಜ್ವರ ಬಂದವರ ರಕ್ತ ತೆಗೆಯುತ್ತಾರೆ, ಕೇಸು ಸಿಗುತ್ತವೆ. ಸುದ್ದಿ ಬರದ ಊರಲ್ಲಿ ಅದೇ ಜ್ವರ ಬರೀ ಜ್ವರವಾಗಿ ಉಳಿಯುತ್ತದೆ. ಮಂಗದ ಲೆಕ್ಕದಲ್ಲೂ 0, ಕೇಸಿನ ಲೆಕ್ಕದಲ್ಲೂ 0. ಮಾಡೆಲ್ ಸರಿಯಿದೆಯಾ ಎಂದು ಪರೀಕ್ಷಿಸಲು ಎತ್ತಿಟ್ಟ ಡೇಟಾದಲ್ಲೂ ಇವೇ ಸೊನ್ನೆ. ಅಕ್ಯುರಸಿ, ಅಂದರೆ ಸರಿಯಾಗಿ ಹೇಳಿದ ಪ್ರಮಾಣ, ಶೇಕಡಾ 90ರ ಮೇಲೆ ಬಂದಿತ್ತು. ಬರದೆ ಏನು? ಹೆಚ್ಚಿನ ಊರಲ್ಲಿ ಹೆಚ್ಚಿನ ವಾರ ಕೇಸೇ ಇರುವುದಿಲ್ಲ. ಕಣ್ಣು ಮುಚ್ಚಿ 'ಇಲ್ಲ' ಅಂದರೂ ಅಷ್ಟು ಬರುತ್ತದೆ.

ನಮ್ಮ ಸೋದರತ್ತೆ ಮನೆ ಶರಾವತಿ ಹಿನ್ನೀರಿನ ಆಚೆ. ಆಗ ಸಿಗಂದೂರು ಸೇತುವೆ ಇನ್ನೂ ಆಗಿರಲಿಲ್ಲ, ಲಾಂಚ್ ದಾಟಿಯೇ ಹೋಗಬೇಕು. ಮಾಡೆಲ್ ಹೇಳಿದ್ದನ್ನು ಬಣ್ಣದಲ್ಲಿ ತೋರಿಸುವ ನನ್ನ ನಕ್ಷೆಯಲ್ಲಿ ಅವರ ಊರು ಹಸಿರು, ಅಂದರೆ ಅಪಾಯ ಇಲ್ಲ. ಜನವರಿಯಲ್ಲಿ ಮಾವ ಫೋನ್ ಮಾಡಿ, "ಈ ಸಲ ನಮ್ಮ ಕಡೆ ಹೇಗಪ್ಪಾ?" ಅಂತ ಕೇಳಿದರು. "ನಿಮ್ಮೂರಿಗೆ ಏನಿಲ್ಲ ಮಾವ, ಆರಾಮಾಗಿರಿ" ಅಂದೆ.

ಮಾವ ಕಾಲಿಗೆ ಉಣುಗು ಹತ್ತದಂತೆ ಹಚ್ಚುವ ಎಣ್ಣೆ ಹಚ್ಚದೆ ದರಕಿಗೆ ಹೋದರು. ಇಲಾಖೆಯವರು ಕೊಟ್ಟ ಬಾಟಲಿ ಅಟ್ಟದ ಮೇಲಿತ್ತು. ಎರಡು ವಾರದೊಳಗೆ ಜ್ವರ, ತಲೆನೋವು, ಎದ್ದು ಕೂರಲಾಗದಷ್ಟು ಮೈಕೈ ನೋವು. ಒಸಡಿನಲ್ಲಿ ರಕ್ತ. ಸ್ಯಾಂಪಲ್ ಪಾಸಿಟಿವ್ ಬಂತು. ಜ್ವರ ಬಿಟ್ಟಿತು ಅಂದುಕೊಳ್ಳುವಷ್ಟರಲ್ಲಿ ಮತ್ತೆ ಬಂತು, ಈ ಸಲ ಕೈ ನಡುಕದ ಜೊತೆ. ಕೆಲವರಿಗೆ ಹೀಗೆ ಎರಡನೇ ಸುತ್ತು ಬಂದು ಮೆದುಳು, ನರಕ್ಕೆ ತಾಗುತ್ತದೆ. ಉಳಿದುಕೊಂಡರು. ಆದರೆ ಆ ವರ್ಷ ಮರ ಹತ್ತಲಿಲ್ಲ, ಅಡಿಕೆ ಕೊನೆ ಕೊಯ್ಲಿಗೆ ಬೇರೆಯವರನ್ನೇ ಕರೆಯಬೇಕಾಯಿತು. ಆಸ್ಪತ್ರೆಯಲ್ಲಿ ಅತ್ತೆ ಬೈಯಲಿಲ್ಲ. "ನೀನು ಏನಿಲ್ಲ ಅಂದಿದ್ಯಲ್ಲ ತಮ್ಮಾ" ಅಂದರು. ಕೇಳಿದ್ದೇ ಅಷ್ಟು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಎಣ್ಣೆ ಹಚ್ಚಿಕೊಂಡು, ಉದ್ದ ಪ್ಯಾಂಟಿನ ಅಂಚನ್ನು ಸಾಕ್ಸ್ ಒಳಗೆ ಸೇರಿಸಿಕೊಂಡು ಪಕ್ಕದ ಮನೆಯವರ ಜೊತೆ ಸೊಪ್ಪಿನ ಬೆಟ್ಟಕ್ಕೆ ಹೋದೆ. ಮತ್ತಿ ಮರದ ಬುಡ ತೋರಿಸಿ ದೂರದಲ್ಲೇ ನಿಲ್ಲಿಸಿದರು. ಮುಸಿಯದ, ಅಂದರೆ ಕಪ್ಪು ಮುಖದ ಮಂಗದ, ಮೂಳೆ. ಬಾಲದ ಕೂದಲು ಮಾತ್ರ ಇನ್ನೂ ಹಾಗೇ ಇತ್ತು. ಡಿಸೆಂಬರ್‌ನಲ್ಲೇ ವಾಸನೆ ಬಂದಿತ್ತಂತೆ. ಯಾಕೆ ತಿಳಿಸಲಿಲ್ಲ ಅಂದೆ. ಸಿಗ್ನಲ್ ಬೇಕಾದರೆ ಶಾಲೆ ದಿಬ್ಬ ಹತ್ತಬೇಕು, ಹತ್ತಿದರೂ ಯಾರಿಗೆ ಮಾಡುವುದು ಅಂದರು. ನನ್ನ ಪಟ್ಟಿಯಲ್ಲಿ ಆ ವಾರದ ಮನೆಯಲ್ಲಿ 0 ಇತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ರ‍್ಯಾಂಡಮ್ ಫಾರೆಸ್ಟೋ ನ್ಯೂರಲ್ ನೆಟ್‌ವರ್ಕೋ, ಯಾವ ಬಗೆಯ ಮಾಡೆಲ್ ಆದರೂ ಎರಡು ತಿಂಗಳಲ್ಲಿ ಬರುತ್ತದೆ. ಬೆಂಗಳೂರಲ್ಲಿ ಎಂಟೆಕ್ಕಾ, ಆನ್‌ಲೈನ್ ಕೋರ್ಸಾ ಅನ್ನುವುದೂ ದೊಡ್ಡ ವಿಷಯ ಅಲ್ಲ. 'ಡೇಟಾ ಇದೆ, ಜೋಡಿಸಿದರೆ ಸಾಕು' ಅಂತ ಬರೆದಿದ್ದೀರಲ್ಲ, ಅದೇ ತಪ್ಪು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಈ ವೈರಸ್ ಪತ್ತೆಯಾಗಿದ್ದೂ ಮಂಗಗಳು ಸಾಯುತ್ತಿರುವುದು ಜನರ ಕಣ್ಣಿಗೆ ಬಿದ್ದಿದ್ದರಿಂದ. ಈಗಲೂ ಆ ಕಣ್ಣು ಎಲ್ಲಿದೆ, ಎಲ್ಲಿಲ್ಲ ಅನ್ನುವುದೇ ನಿಮ್ಮ ಮೊದಲ ಡೇಟಾ. ಪ್ರತಿ ಸಾಲಿಗೂ 'ಈ ವಾರ ಇಲ್ಲಿ ಯಾರು ನೋಡಿದರು' ಅಂತ ಒಂದು ಕಾಲಂ ಇಡಿ. ಆಶಾ ಕಾರ್ಯಕರ್ತೆ, ಫಾರೆಸ್ಟ್ ವಾಚರ್, ದನ ನೋಡಲು ಬರುವ ಪಶು ಆಸ್ಪತ್ರೆಯವರು, ಯಾರಾದರೂ ಸರಿ. ಯಾರೂ ಇಲ್ಲದಿದ್ದರೆ ಖಾಲಿ ಬಿಡಿ. ನಕ್ಷೆಯಲ್ಲಿ ಆ ಊರಿಗೆ ಬೂದು ಬಣ್ಣ ಹಾಕಿ, ಹಸಿರು ಬೇಡ.

ಉಪಗ್ರಹವನ್ನೂ ಪೂರ್ತಿ ನಂಬಬೇಡಿ. ಒಂದೊಂದು ಚುಕ್ಕೆ 10 ಮೀಟರ್ ಅಗಲದ ಜಾಗ ತೋರಿಸುವ ಚಿತ್ರದಲ್ಲಿ ಅಡಿಕೆ ತೋಟ, ಅಕೇಶಿಯಾ ಪ್ಲಾಂಟೇಶನ್, ಕಾನು (ದಟ್ಟ ಹಸಿರು ಕಾಡು) ಮೂರೂ ಹಸಿರೇ, ನಡೆದು ನೋಡಿ ಗುರುತು ಹಾಕದಿದ್ದರೆ ಬೆರೆತುಹೋಗುತ್ತವೆ. ತೋಟ, ಕಾಡು, ದನ ಮೇಯುವ ಜಾಗ ಒಂದಕ್ಕೊಂದು ಹೆಣೆದುಕೊಂಡ ಕಡೆಯೇ ಈ ಕಾಯಿಲೆ ಜಾಸ್ತಿ ಅಂತ ಸಂಶೋಧಕರು ತೋರಿಸಿದ್ದಾರೆ. ಆ ಅಂಚು ತಪ್ಪಿದರೆ ಉಳಿದದ್ದು ಸರಿಯಿದ್ದೂ ಪ್ರಯೋಜನವಿಲ್ಲ. ಮಳೆಗೂ ಜಿಲ್ಲೆಯ ಸರಾಸರಿ ಹಾಕಬೇಡಿ. ಆಗುಂಬೆಯ ಮಳೆಯೂ ಶಿವಮೊಗ್ಗ ಪೇಟೆಯ ಮಳೆಯೂ ಒಂದೇ ಅಲ್ಲ, ಅಲ್ವಾ?

ನಾನು ಈಗ ನವೆಂಬರ್‌ನಲ್ಲೇ ರಜೆ ಹಾಕಿ ಊರಿಗೆ ಬರುತ್ತೇನೆ. ಆಚೆ ದಡದ ಒಂಬತ್ತು ಊರಲ್ಲಿ ಒಬ್ಬೊಬ್ಬರು ವಾರಕ್ಕೊಮ್ಮೆ ನೋಡಿ ಬರೆದಿಡುತ್ತಾರೆ. ಏನೂ ಸಿಗದಿದ್ದರೆ 'ನೋಡಿದೆ, ಇಲ್ಲ' ಅಂತ ಬರೆಯುತ್ತಾರೆ. ಅತ್ತೆಯ ಊರಿನ ಪುಸ್ತಕ ಮಾವನ ಹತ್ತಿರವೇ ಇದೆ. ನಿಮಗೆ ತೀರ್ಥಹಳ್ಳಿ ಕಡೆ ಇದನ್ನು ಶುರು ಮಾಡುವ ಮನಸ್ಸಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಪುಸ್ತಕದಲ್ಲಿ ಯಾವ್ಯಾವ ಕಾಲಂ ಇದೆ ಅಂತ ತಿಳಿಸುತ್ತೇನೆ.