ಪ್ಯಾನೆಲ್ ಆಮೇಲೆ, ಮೊದಲು ಗೀಸರ್ ನೋಡಿ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ 30×40 ಸೈಟಿನಲ್ಲಿ ನಮ್ಮ ಸ್ವಂತ ಮನೆ. ಅತ್ತೆ, ಮಾವ ಸೇರಿ ಐದು ಜನ. ಗೃಹಜ್ಯೋತಿ ಇದೆ. ಆದರೂ ಡಿಸೆಂಬರ್, ಜನವರಿಯಲ್ಲಿ 230 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟಬೇಕಾಯಿತು. ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಪ್ಯಾನೆಲ್ ಹಾಕಿಸೋಣ ಅಂತ ನಮ್ಮ ಮನೆಯವರು ಹೇಳುತ್ತಿದ್ದಾರೆ. ಹಾಕಿಸಬಹುದಾ?

ಉತ್ತರ: ಹಾಕಿಸಬಹುದು, ಆದರೆ ಈಗಲೇ ಬೇಡ. ನೀವು ಬರೆದ ತಿಂಗಳುಗಳನ್ನೇ ಒಮ್ಮೆ ನೋಡಿ. ಚಳಿಗಾಲದಲ್ಲಿ ಫ್ಯಾನ್ ತಿರುಗುವುದು ಕಮ್ಮಿ. ಆದರೂ ಯೂನಿಟ್ ಏರಿದೆ ಅಂದರೆ ಮೊದಲ ಅನುಮಾನ ಗೀಸರ್ ಮೇಲೆ. 2 ಕಿಲೋವ್ಯಾಟ್ ಗೀಸರ್ ಒಂದು ಗಂಟೆ ನೀರು ಕಾಯಿಸಿದರೆ 2 ಯೂನಿಟ್. ಐದು ಜನರ ಸ್ನಾನಕ್ಕೆ ದಿನಕ್ಕೆ ಎರಡು ಗಂಟೆ ಕಾಯಿಸಿದರೂ ತಿಂಗಳಿಗೆ 120 ಯೂನಿಟ್ ಆಯಿತು. ನಿಮ್ಮ ಬಳಕೆಯಲ್ಲಿ ಅರ್ಧ ಬಚ್ಚಲಲ್ಲೇ ಹೋಗುತ್ತಿದೆ, ಅಲ್ವಾ?

ಹಾಗಾಗಿ ಮೊದಲು ಸೋಲಾರ್ ವಾಟರ್ ಹೀಟರ್ ಹಾಕಿಸಿ. ನಮ್ಮೂರಲ್ಲಿ ಜನವರಿಯ ಬೆಳಗ್ಗೆ ಎಷ್ಟೇ ಥಂಡಿ ಇದ್ದರೂ ಮಧ್ಯಾಹ್ನದ ಹೊತ್ತಿಗೆ ಒಳ್ಳೆ ಬಿಸಿಲು ಇರುತ್ತದೆ. ಐದು ಜನಕ್ಕೆ 200 ಲೀಟರಿನದು ಸಾಕು. ಬೋರ್‌ವೆಲ್ ನೀರಾದರೆ ಗಾಜಿನ ಕೊಳವೆಯ ಇಟಿಸಿ ಮಾದರಿಯನ್ನೇ ಕೇಳಿ. ಇನ್ನೊಂದು ಮಾದರಿಯಲ್ಲಿ ತಾಮ್ರದ ಸಣ್ಣ ಪೈಪುಗಳಿರುತ್ತವೆ, ಗಡಸು ನೀರಿನ ಉಪ್ಪು ಅದರೊಳಗೆ ಬೇಗ ಕಟ್ಟಿಕೊಳ್ಳುತ್ತದೆ. ಇಟಿಸಿ ಆದರೂ ವರ್ಷಕ್ಕೊಮ್ಮೆ ತೊಳೆಸಲೇಬೇಕು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೋಡದ ದಿನಕ್ಕೆ ಇರಲಿ ಅಂತ ಸೋಲಾರ್ ಟ್ಯಾಂಕಿಗೇ ಕರೆಂಟ್ ಕಾಯಿಲ್ ಹಾಕಿಕೊಡುತ್ತೇವೆ ಅನ್ನುತ್ತಾರೆ. ಒಪ್ಪಬೇಡಿ. ಇಬ್ಬರ ಸ್ನಾನಕ್ಕೂ ಇಡೀ ಟ್ಯಾಂಕ್ ಕಾಯಬೇಕಾಗುತ್ತದೆ. 200 ಲೀಟರ್ ನೀರನ್ನು 20 ಡಿಗ್ರಿ ಏರಿಸಲು ನಾಲ್ಕೂವರೆ ಯೂನಿಟ್‌ಗಿಂತ ಜಾಸ್ತಿ ಬೇಕು. ಸ್ವಿಚ್ ಆರಿಸಲು ಮರೆತರೆ ಜುಲೈ, ಆಗಸ್ಟ್‌ನಲ್ಲಿ ಮತ್ತೆ ಅದೇ ಬಿಲ್. ಅದರ ಬದಲು ನಿಮ್ಮ ಹಳೆ ಗೀಸರನ್ನೇ ಬಚ್ಚಲಲ್ಲಿ ಉಳಿಸಿಕೊಳ್ಳಿ. ತಾರಸಿಯಿಂದ ಬರುವ ಬಿಸಿನೀರಿನ ಪೈಪಿಗೆ ಪೂರ್ತಿ ಹೊದಿಕೆ ಹಾಕಿಸಿ. ಬಿಸಿ ಬರುವವರೆಗೆ ಹರಿಯುವ ತಣ್ಣೀರಿಗೆ ಒಂದು ಬಕೆಟ್ ಇಡಿ, ಬಟ್ಟೆಗೋ ಗಿಡಕ್ಕೋ ಆಗುತ್ತದೆ.

ಆಮೇಲೆ ಫ್ಯಾನ್. ಹಳೆಯದು ಸುಮಾರು 75 ವ್ಯಾಟ್ ಎಳೆಯುತ್ತದೆ, ಕಮ್ಮಿ ಕರೆಂಟ್ ಎಳೆಯುವ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. ದಿನಕ್ಕೆ 12 ಗಂಟೆ ತಿರುಗಿದರೆ ಒಂದೊಂದು ಫ್ಯಾನಿಗೂ ತಿಂಗಳಿಗೆ 16 ಯೂನಿಟ್ ಉಳಿಯುತ್ತದೆ. ಎಲ್ಲವನ್ನೂ ಬದಲಿಸಬೇಕಿಲ್ಲ. ಹಾಲ್ ಮತ್ತು ಅತ್ತೆ ಮಾವ ಮಲಗುವ ಕೋಣೆಯದನ್ನು ಬದಲಿಸಿದರೆ ಸಾಕು.

ಈಗ ಪ್ಯಾನೆಲ್ ವಿಷಯ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ. ತಿಂಗಳಿಗೆ ಸುಮಾರು 350 ಯೂನಿಟ್ ನಿರೀಕ್ಷಿಸಬಹುದು. ಆದರೆ ಗೃಹಜ್ಯೋತಿಯ ನಿಯಮ ನೆನಪಿರಲಿ. 200 ದಾಟಿದರೆ ಪೂರ್ತಿ ಬಿಲ್. ಅದರೊಳಗಿದ್ದರೆ, 2022-23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಶೇ 10 ಸೇರಿಸಿದಷ್ಟು ಉಚಿತ. ಬಳಕೆ ಆ ಮಿತಿಯೊಳಗೆ ಬಂದರೆ ಬಿಲ್ಲೇ ಸೊನ್ನೆ. ಆಗ ಪ್ಯಾನೆಲ್‌ಗೆ ಹಾಕಿದ ದುಡ್ಡು ವಾಪಸ್ ಬರುವುದು ಬಹಳ ನಿಧಾನ. ಮುಂದೆ ಎಲೆಕ್ಟ್ರಿಕ್ ಸ್ಕೂಟರ್ ತಗೊಂಡು, ಅಡುಗೆಗೂ ಇಂಡಕ್ಷನ್ ಒಲೆ ಬಂದರೆ ಆಗ ಲೆಕ್ಕ ಬೇರೆ, ಖಂಡಿತ ಹಾಕಿಸಿ. ಅಷ್ಟರಲ್ಲಿ ಒಂದು ಕೆಲಸ ಮಾಡಿ. ಡಿಸೆಂಬರ್‌ನಲ್ಲಿ ಒಂದು ದಿನ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಆಗಾಗ ತಾರಸಿಗೆ ಹೋಗಿ ಪಕ್ಕದ ಮನೆಗಳ ನೆರಳು ಎಲ್ಲಿ ಬೀಳುತ್ತದೆ ನೋಡಿ. 3 ಕಿಲೋವ್ಯಾಟ್‌ಗೆ ಸುಮಾರು 300 ಚದರಡಿ ಬಿಸಿಲಿನ ಜಾಗ ಬೇಕು. ಹೀಟರ್ ಕೂರಿಸುವಾಗಲೇ ಅಷ್ಟು ಜಾಗ ಬಿಟ್ಟು ಕೂರಿಸಲು ಹೇಳಿ.

ಪ್ರಶ್ನೆ: ಬನಶಂಕರಿಯಲ್ಲಿ ಬಾಡಿಗೆ ಫ್ಲ್ಯಾಟ್‌ನಲ್ಲಿದ್ದೇವೆ. ತಾರಸಿ ನಮ್ಮದಲ್ಲ. ನಮ್ಮಂಥವರು ಏನು ಮಾಡಬಹುದು?

ಉತ್ತರ: ಮೇಲೆ ಹೇಳಿದ ಫ್ಯಾನ್ ನಿಮಗೂ ಸರಿ. ಮನೆ ಬದಲಿಸಿದಾಗ ಬಿಚ್ಚಿಕೊಂಡು ಹೋಗಬಹುದು. ಗೀಸರ್ ಥರ್ಮೋಸ್ಟಾಟ್ 50 ಡಿಗ್ರಿ ಆಸುಪಾಸಿಗೆ ಇಳಿಸಿಕೊಳ್ಳಿ.

ನೀರನ್ನೂ ಕರೆಂಟ್ ಅಂತಲೇ ನೋಡಿ. ನಮ್ಮ ನಲ್ಲಿಗೆ ಬರುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ ಬರುತ್ತದೆ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯಲ್ಲಿ ಪಂಪ್ ಮಾಡಿ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಆಮೇಲೆ ನಿಮ್ಮ ಕಟ್ಟಡದ ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ಇನ್ನೊಂದು ಪಂಪು. ಸುಮ್ನೆ ಹರಿದುಹೋದ ಒಂದೊಂದು ಬಕೆಟ್ಟಿಗೂ ಇಷ್ಟು ಕರೆಂಟ್ ಖರ್ಚಾಗಿರುತ್ತದೆ. ಅಡುಗೆಮನೆ ಮತ್ತು ವಾಶ್‌ಬೇಸಿನ್ ನಲ್ಲಿಗಳಿಗೆ ಏರೇಟರ್, ಅಂದರೆ ಧಾರೆಗೆ ಗಾಳಿ ಬೆರೆಸಿ ನೀರು ಉಳಿಸುವ ಜಾಲರಿ ಮೂತಿ, ಹಾಕಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ, ಓನರ್ ಒಪ್ಪಿಗೆಗೆ ಕಾಯಬೇಕಿಲ್ಲ. ಹಳೆ ನಲ್ಲಿಯ ಮೂತಿ ಬಿಚ್ಚಿಕೊಂಡು ಹೋಗಿ ಅಳತೆ ತೋರಿಸಿ ತನ್ನಿ. ಬೋರ್‌ವೆಲ್ ನೀರಾದರೆ ಜಾಲರಿಗೆ ಉಪ್ಪು ಕಟ್ಟುತ್ತದೆ. ಧಾರೆ ಸಣ್ಣಗಾದಾಗ ಬಿಚ್ಚಿ ರಾತ್ರಿಯಿಡೀ ನಿಂಬೆರಸದಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ಮತ್ತೆ ಹಾಕಿ.