ಕ್ಯಾರೆರಾ ವಾಚ್ ಕೈಗೆ ಹಾಕಿ ನೋಡದೆ ಆನ್‌ಲೈನ್‌ನಲ್ಲಿ ತಗೋಬಹುದಾ? 39 ಸಾಕಾ, 44 ಬೇಕಾ?

ನೀವು ದಾವಣಗೆರೆಯವರು. ಟ್ಯಾಗ್ ಹ್ಯೂಯರ್ ಕ್ಯಾರೆರಾ ಕ್ರೋನೋಗ್ರಾಫ್ (ಅಂದರೆ ಸ್ಟಾಪ್‌ವಾಚ್ ಇರುವ ವಾಚ್) ಮೇಲೆ ಮನಸ್ಸು ಬಿದ್ದಿದೆ. 39 ಮಿ.ಮೀ. ತಗೊಳ್ಳಬೇಕಾ, 44 ತಗೊಳ್ಳಬೇಕಾ ಗೊತ್ತಾಗುತ್ತಿಲ್ಲ. ಊರಲ್ಲಿ ಹಾಕಿ ನೋಡೋಕೆ ಪೀಸ್ ಸಿಗಲಿಲ್ಲ, ಫೋಟೋ ನೋಡಿ ತರಿಸಿಕೊಂಡರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಾನೂ ಇದೇ ಊರಿನವನು, ಇದೇ ವಾಚ್ ಹಾಕುತ್ತೇನೆ. ನನ್ನ ಉತ್ತರ: ಬೇಡ. ಹಾಕಿ ನೋಡೋಕೆ ಸಿಗುವ ಬೆಂಗಳೂರು ಹೆಚ್ಚುಕಡಿಮೆ 260 ಕಿ.ಮೀ. ಲಕ್ಷಗಟ್ಟಲೆ ಸುರಿಯುವ ಮುಂಚೆ ಒಂದು ದಿನ ಸುರಿಯಿರಿ.

ಫೋಟೋದಲ್ಲಿ ಎಲ್ಲ ವಾಚೂ ಒಂದೇ ಸೈಜ್ ಕಾಣುತ್ತವೆ. ಹೋಗಲಿ ಅಂತ ಮಿ.ಮೀ. ಲೆಕ್ಕ ನಂಬಿದರೆ ಅದೂ ಅರ್ಧ ಮಾತ್ರ ಹೇಳುತ್ತದೆ. ಆ 39, 44 ಅನ್ನೋದು ಬರೀ ಕೇಸಿನ ಅಗಲ. ಕೈಮೇಲೆ ಹೇಗೆ ಕೂರುತ್ತದೆ ಅನ್ನೋದನ್ನ ತೀರ್ಮಾನ ಮಾಡೋದು ಬೇರೆ ಎರಡು ಅಳತೆ. ಒಂದು, ಪಟ್ಟಿ ಸಿಕ್ಕಿಸುವ ಕಿವಿಗಳಿರುತ್ತವಲ್ಲ, ಲಗ್ ಅಂತಾರೆ, ಅವುಗಳ ಈ ತುದಿಯಿಂದ ಆ ತುದಿಗೆ ಎಷ್ಟು ಉದ್ದ. ಇನ್ನೊಂದು ದಪ್ಪ. 2023ರಲ್ಲಿ ಬಂದ 39ರ ಕ್ಯಾರೆರಾ ಲಗ್‌ನಿಂದ ಲಗ್‌ಗೆ 46 ಮಿ.ಮೀ., ದಪ್ಪ 13.9. ಹೆಸರಿಗೆ ಚಿಕ್ಕ ವಾಚ್, ಎತ್ತರದಲ್ಲಿ ಅಷ್ಟೇನೂ ಚಿಕ್ಕದಲ್ಲ. 44ರದ್ದು ಇನ್ನೂ ದಪ್ಪ.

ಕಣ್ಣಿಗೆ ಕಾಣೋದಂತೂ ಇನ್ನೊಂದೇ ಕಥೆ. ಈ 39ಕ್ಕೆ ಡಯಲ್ ಸುತ್ತ ಲೋಹದ ಬಳೆ ಇಲ್ಲ, ಉಬ್ಬಿದ ಗಾಜು ಅಂಚಿನ ತನಕ ಬರುತ್ತದೆ. ಅದಕ್ಕೇ ಇರೋದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಮೆಗಾ ಕಂಪನಿಯ ಸ್ಪೀಡ್‌ಮಾಸ್ಟರ್ ವಾಚ್ 42 ಮಿ.ಮೀ., ಆದರೆ ಸುತ್ತಲಿನ ಕಪ್ಪು ಬಳೆ ಡಯಲನ್ನು ಒಳಗೆ ತಳ್ಳಿ ವಾಚನ್ನು ಚಿಕ್ಕದು ಮಾಡಿಬಿಡುತ್ತದೆ. (ಚಂದ್ರನ ಮೇಲೆ ಹೋದ ವಾಚ್ ಅಂತಲೇ ಅದಕ್ಕೆ ಹೆಸರು. ಆದರೆ 1957ರಲ್ಲಿ ಅದನ್ನು ಮಾಡಿದ್ದು ಕಾರ್ ರೇಸಿನವರಿಗೆ.) ಎರಡನ್ನೂ ಒಂದಾದ ಮೇಲೊಂದು ಹಾಕಿ ನೋಡಿ, ನಂಬರ್ ಮೇಲಿನ ನಂಬಿಕೆಯೇ ಹೋಗುತ್ತದೆ.

ಹೊರಡುವ ಮುಂಚೆ ಮನೆಯಲ್ಲೇ ಒಂದು ಕೆಲಸ ಮಾಡಿ. ರಟ್ಟಿನಲ್ಲಿ 46 ಮಿ.ಮೀ. ಉದ್ದದ ತುಂಡು ಕತ್ತರಿಸಿ ಮಣಿಕಟ್ಟಿನ ಮೇಲೆ ಅಡ್ಡ ಇಡಿ. ಎರಡೂ ತುದಿ ಕೈಯ ಚಪ್ಪಟೆ ಭಾಗದ ಒಳಗೇ ನಿಂತರೆ 39ಕ್ಕೆ ಸರಿ. ಅಂಚು ದಾಟಿ ಗಾಳಿಯಲ್ಲಿ ನಿಂತರೆ 44ರ ಆಸೆ ಅಲ್ಲಿಗೇ ಬಿಡಿ.

ನನ್ನ ಕೈ ಸಪೂರ, ಸುತ್ತಳತೆ 16.5 ಸೆಂ.ಮೀ. ಆದರೂ ಶೋರೂಮಿನಲ್ಲಿ ಮೊದಲು ಕೇಳಿದ್ದು 44. ಕನ್ನಡಿಯಲ್ಲಿ ಚೆನ್ನಾಗಿಯೇ ಕಂಡಿತು. "ಸರ್, ಸಖತ್ ಸೂಟ್ ಆಗುತ್ತೆ" ಅಂದ ಹುಡುಗ. ಅವನು ಇನ್ನೇನು ಹೇಳುತ್ತಾನೆ ಪಾಪ. ನಾನು ಎಡಗೈಯಲ್ಲಿ ಬೈಕಿನ ಹ್ಯಾಂಡಲ್ ಹಿಡಿದ ಹಾಗೆ ಮುಷ್ಟಿ ಮಾಡಿ ಹಸ್ತವನ್ನು ಮೇಲಕ್ಕೆ ಮಡಚಿದೆ. ಪಕ್ಕದಲ್ಲಿ ಕೀಲಿ ಕೊಡುವ ತಿರುಪು ಇರುತ್ತಲ್ಲ, ಕ್ರೌನ್ ಅಂತಾರೆ, ಅದು ಹೋಗಿ ಹಸ್ತದ ಹಿಂಭಾಗಕ್ಕೆ ಚುಚ್ಚಿತು. ಹಾಗೇ ಸ್ವಲ್ಪ ಹೊತ್ತು ಹಿಡಿದು ಬಿಟ್ಟೆ. ಚರ್ಮದ ಮೇಲೆ ಹಲ್ಲುಹಲ್ಲಾಗಿ ಕೆಂಪು ಗುರುತು ಬಿದ್ದಿತ್ತು. 39 ಹಾಕಿ ಅದನ್ನೇ ಮಾಡಿದೆ. ತಾಗಿತು, ಚುಚ್ಚಲಿಲ್ಲ. ಆಮೇಲೆ ಶರ್ಟಿನ ತೋಳು ಇಳಿಸಿ ಗುಂಡಿ ಹಾಕಿದೆ. ದಪ್ಪದ್ದಕ್ಕೆ ಕಫ್ ಮೇಲೇ ನಿಂತಿತು, 39ಕ್ಕೆ ಸ್ವಲ್ಪ ಎಳೆದರೆ ಒಳಗೆ ಹೋಯಿತು. ಮದುವೆ, ಗೃಹಪ್ರವೇಶ ಅಂತ ಫುಲ್ ಶರ್ಟ್ ಹಾಕುವವರಾದರೆ ಇದನ್ನ ಮರೀಬೇಡಿ.

ಅಂದಹಾಗೆ ಇದೇ ಕಂಪನಿಯ 1969ರ ಚೌಕದ ವಾಚ್ ಮೊನಾಕೊಗೆ ಕ್ರೌನ್ ಎಡಗಡೆ ಇತ್ತು. ಈಗಲೂ ಆ ಹಳೇ ಮಾದರಿಯ ಕೆಲವು ಮೊನಾಕೊ ಹಾಗೇ ಬರುತ್ತವೆ. ಎಡಗೈಗೆ ಕಟ್ಟಿದರೆ ಕ್ರೌನ್ ಮೊಣಕೈ ಕಡೆ ತಿರುಗಿರುತ್ತದೆ, ಹಸ್ತಕ್ಕೆ ಚುಚ್ಚುವ ಪ್ರಶ್ನೆಯೇ ಇಲ್ಲ. ಆದರೆ ಚೌಕ ಅಲ್ವಾ, 39 ಅಂದರೂ ನಾಲ್ಕು ಮೂಲೆ ಸೇರಿ ಕೈತುಂಬಾ ಕಾಣುತ್ತದೆ. ನನಗಂತೂ ಹಿಡಿಸಲಿಲ್ಲ.

ಹಾಕಿ ನೋಡಲು ಕೊಡುವ ಪೀಸಿನ ಸ್ಟೀಲ್ ಬ್ರೇಸ್ಲೆಟ್ ಸಾಮಾನ್ಯವಾಗಿ ಪೂರ್ತಿ ಉದ್ದ ಇರುತ್ತದೆ. ಸಡಿಲ ಆಗಿ ಜೋಲುತ್ತದೆ, ವಾಚ್ ಇರೋದಕ್ಕಿಂತ ಜಾಸ್ತಿ ಭಾರ ಅನ್ನಿಸುತ್ತದೆ. ಅದನ್ನು ನೋಡಿ ಬೇಡ ಅನ್ನಬೇಡಿ. ಅದೇ ವಾಚ್ ಚರ್ಮದ ಪಟ್ಟಿಯಲ್ಲಿ ಇದ್ದರೆ ಕೇಳಿ ಹಾಕಿ. ತೂತು ತೂತಿನ ರೇಸಿಂಗ್ ಪಟ್ಟಿ ಸಿಕ್ಕರೆ ಒಳ್ಳೆಯದು. ಆ ತೂತುಗಳಿಂದ ಗಾಳಿ ಆಡುತ್ತದೆ. ಆದರೂ ನಮ್ಮ ಬೇಸಿಗೆ ಬೆವರಿಗೆ ಚರ್ಮ ಜಾಸ್ತಿ ದಿನ ತಾಳಲ್ಲ, ದಿನಾ ಹಾಕೋದಾದರೆ ಸ್ಟೀಲೇ ಸರಿ. ಬ್ರೇಸ್ಲೆಟ್ ಅಳತೆ ಮಾಡಿಸುವಾಗ ಎಸಿ ತಂಪಲ್ಲಿ ಕೂತು ಬಿಗಿಯಾಗಿ ಮಾಡಿಸಬೇಡಿ. ಏಪ್ರಿಲ್‌ನಲ್ಲಿ ದಾವಣಗೆರೆ ಬಿಸಿಲಿಗೆ ಕೈ ಊದುತ್ತದೆ, ಆಗ ಅದೇ ಬೇಡಿ ಹಾಕಿದ ಹಾಗಿರುತ್ತದೆ.

ಶೋರೂಮಿನ ದೀಪದಡಿ ಎಲ್ಲವೂ ಹೊಳೆಯುತ್ತವೆ. ಬಾಗಿಲ ಹತ್ತಿರ ಬೆಳಕಿಗೆ ಹೋಗಿ ಟೈಮ್ ಓದಿ. ಉಬ್ಬಿದ ಗಾಜಿನಲ್ಲಿ ಆಕಾಶ ಕಂಡು ಮುಳ್ಳು ಕಾಣದಿದ್ದರೆ ಏನು ಪ್ರಯೋಜನ? ಸ್ಟಾಪ್‌ವಾಚ್ ಗುಂಡಿಗಳನ್ನೂ ಒತ್ತಿ, ಸಂಕೋಚ ಬೇಡ. ಈ 39ರೊಳಗಿನ ಟಿಎಚ್20 ಯಂತ್ರದಲ್ಲಿ ಕಾಲಂ ವೀಲ್ ಅಂತ ಸ್ಟಾಪ್‌ವಾಚ್ ಹೊರಡಿಸಿ ನಿಲ್ಲಿಸುವ ಚಕ್ರ ಇದೆ, ಮುಳ್ಳು ಜರ್ಕ್ ಹೊಡೆಯದೆ ಹೊರಡಬೇಕು. ಪೂರ್ತಿ ಕೀಲಿ ಕೊಟ್ಟರೆ 80 ಗಂಟೆ ನಡೆಯುತ್ತದೆ, ಶನಿವಾರ ಭಾನುವಾರ ಬಿಚ್ಚಿಟ್ಟರೂ ಸೋಮವಾರ ಓಡುತ್ತಿರುತ್ತದೆ.

ಅಂಚಿನಲ್ಲಿ ವೇಗ ತೋರಿಸುವ ಟ್ಯಾಕಿಮೀಟರ್ ಅಂಕಿ ಓದೋಕೆ ಆಗುತ್ತಾ ಅಂತಲೂ ನೋಡಿ. ರೇಸ್ ವಾಚ್ ಅಂತ ದುಡ್ಡು ಕೊಡೋದೇ ಅದಕ್ಕೆ ಅಲ್ವಾ! 3600ನ್ನು ಸೆಕೆಂಡಿನಿಂದ ಭಾಗಿಸಿದರೆ ಬರುವ ಲೆಕ್ಕ ಅಲ್ಲಿ ಬರೆದಿರುತ್ತದೆ. ಚಿತ್ರದುರ್ಗದಿಂದ ಬರುವಾಗ ಒಂದು ಕಿ.ಮೀ. ಕಲ್ಲಿಗೆ ಗುಂಡಿ ಒತ್ತಿ, ಮುಂದಿನದಕ್ಕೆ ನಿಲ್ಲಿಸಿ. 45 ಸೆಕೆಂಡ್ ಆದರೆ ಮುಳ್ಳು 80 ತೋರಿಸುತ್ತದೆ, ಅಂದರೆ ಗಂಟೆಗೆ 80 ಕಿ.ಮೀ., 36 ಆದರೆ 100. ಕಾರು ಓಡಿಸುವವರು ಮಾಡಬೇಡಿ, ಪಕ್ಕದಲ್ಲಿ ಕೂತವರ ಆಟ ಇದು. ಸಾಮಾನ್ಯವಾಗಿ 60ಕ್ಕಿಂತ ಕಮ್ಮಿ ಅಂಕಿ ಇರಲ್ಲ, ಹಾಗಾಗಿ ನಮ್ಮ ಮಂಡಿಪೇಟೆ ಟ್ರಾಫಿಕ್‌ನಲ್ಲಿ ಅದಕ್ಕೆ ಕೆಲಸವೇ ಇಲ್ಲ.

ನೋಡಿದ ದಿನವೇ ತಗೊಳ್ಳಲೇಬೇಕು ಅಂತೇನಿಲ್ಲ. ಕೈಮೇಲಿನ ಫೋಟೋ ಒಂದಿಷ್ಟು ತೆಗೆಸಿಕೊಳ್ಳಿ, ಹತ್ತಿರದಿಂದ ಬೇಡ, ಆಳೆತ್ತರದಲ್ಲಿ. ಊಟ ಮಾಡಿ ಬಂದು ಮತ್ತೆ ಹಾಕಿ.

ದುಡ್ಡಿನ ವಿಷಯ: ನಗದು ಕಟ್ಟು ಹಿಡಿದು ಹೋಗಬೇಡಿ. 2 ಲಕ್ಷ ಅಥವಾ ಅದಕ್ಕಿಂತ ಮೇಲೆ ನಗದಾಗಿ ಪಡೆಯೋದು ಕಾನೂನಿನಲ್ಲಿ ಇಲ್ಲ, ಪ್ಯಾನ್ ಕಾರ್ಡೂ ಬೇಕು. ಆನ್‌ಲೈನ್‌ನಲ್ಲಿ ಕಮ್ಮಿಗೆ ಸಿಗುತ್ತೆ ಅಂತ ಯಾರಾದರೂ ಹೇಳಿದರೆ, ವಾರಂಟಿ ಕಾರ್ಡ್ ಅಧಿಕೃತ ಡೀಲರ್ ಕೊಟ್ಟಿದ್ದಾ ಅಂತ ಮೊದಲು ಕೇಳಿ. ಕ್ರೋನೋಗ್ರಾಫ್ ಸರ್ವೀಸ್ ಸಾದಾ ವಾಚಿಗಿಂತ ದುಬಾರಿ, ಅದು ನಮ್ಮೂರಲ್ಲಿ ಆಗೋ ಕೆಲಸ ಅಲ್ಲ. ಕಾರ್ಡಿನ ಸೀರಿಯಲ್ ನಂಬರ್ ವಾಚಿನ ನಂಬರಿಗೆ ತಾಳೆ ಆಗುತ್ತಾ ಅಂತ ಅಲ್ಲೇ ನೋಡಿ. ಬ್ರೇಸ್ಲೆಟ್‌ನಿಂದ ಬಿಚ್ಚಿದ ಕೊಂಡಿಗಳನ್ನೂ ಕೇಳಿ ಇಸ್ಕೊಳ್ಳಿ, ಕೊಡೋದು ಮರೀತಾರೆ.