ರಾಣೆಬೆನ್ನೂರಿನ ಗೆಳೆಯರಿಗೆ: ನೆಲ ಗೆಲ್ಲೋ ಆಟ ನಡುವ ಸಾಯಬಾರದಂದ್ರ

ರಾಣೆಬೆನ್ನೂರಿನ ಗೆಳೆಯರು ಕೇಳ್ಯಾರ: ಐದು ಮಂದಿ ಅದೀವಿ, ಎಲ್ಲಾರ ಹತ್ರನೂ ಮೇಜಿನ ಮ್ಯಾಲ ಯುದ್ಧ ಆಡೋ ಬಣ್ಣ ಹಚ್ಚಿದ ಸಣ್ಣ ಗೊಂಬಿ ಸೈನ್ಯ ಐತಿ, ಬಿಡಿಬಿಡಿ ಕಾಳಗ ಆಡಿ ಬ್ಯಾಸರ ಆಗೇತಿ, ನಕಾಶೆ ಇಟ್ಟು ರಾಜ್ಯ ಗೆಲ್ಲೋ ಥರ ಆಡಬೇಕು, ಮೈಟಿ ಎಂಪೈರ್ಸ್ ಅನ್ನೋ ಹಳೇ ನಕಾಶೆ ಆಟದ ಡಬ್ಬಿ ಹುಡುಕಿದ್ವಿ ಸಿಗಲಿಲ್ಲ, ಏನ್ ಮಾಡೂದು ಅಂತ. ಫೋನಿನ್ಯಾಗ ಬರದು ಮುಗಿಯೂ ಮಾತಲ್ಲ ಅಂತ ಲ್ಯಾಪ್‌ಟಾಪ್ ತಗದು ಕುಂತೇನಿ. ಉದ್ದ ಆಗತೈತಿ, ಚಾ ಇಟ್ಕೊಂಡು ಓದ್ರಿ.

ಮೊದಲ ಆ ಡಬ್ಬಿ ವಿಷಯ ಮುಗಸೂಣು. ಗೇಮ್ಸ್ ವರ್ಕ್‌ಶಾಪ್‌ನವರು (ಗೊಂಬಿ ಸೈನ್ಯ ಮಾಡಿ ಮಾರೋ ಇಂಗ್ಲಂಡಿನ ಕಂಪನಿ) ಅದನ್ನ ತಂದಿದ್ದು 1990ರಾಗ. ಆಮ್ಯಾಲೆ 2007ರಾಗ ಪ್ಲಾಸ್ಟಿಕ್ಕಿನ ಆರುಮೂಲಿ ತುಂಡುಗಳ ಸೆಟ್ ಒಂದು ಬಂತು. ಹಳೇ ಸಾಮಾನು ಮಾರೋರಿಗೆ ರೊಕ್ಕ ಸುರೀಬ್ಯಾಡ್ರಿ, ಆ ರೊಕ್ಕಕ್ಕ ಒಂದು ತುಕಡಿ ಕುದುರಿ ಬರತಾವ. ಮನ್ಯಾಗ ಹಳೇ ಲಗ್ನಪತ್ರಿಕೆ ಅಟ್ಟಿಗಟ್ಟಲೆ ಇರತಾವಲ್ಲ, ದಪ್ಪನ್ನವು ಆರಿಸಿ ಹಿಂಬದಿ ಮ್ಯಾಲ ಆರುಮೂಲಿ ಗೆರಿ ಹಾಕ್ರಿ. ಬದಿ 4 ಸೆಂಟಿಮೀಟರ್ ಇಟ್ರ ಒಂದು ತುಂಡು 7 ಸೆಂಟಿಮೀಟರ್ ಎತ್ತರ ಆಗತೈತಿ. ನಡುವ ಒಂದು, ಸುತ್ತ ಆರು, ಅದರ ಸುತ್ತ ಹನ್ನೆರಡು, ಒಟ್ಟ 19. ಇಡೀ ರಾಜ್ಯ ಒಂದು ಮೊಳದಾಗ ಕುಂದರತೈತಿ. ಇನ್ನೊಂದು ಸುತ್ತು ಹಾಕಿ 37 ಮಾಡೂಣು ಅಂತ ಯಾರರ ಅಂದ್ರ ಒಪ್ಪಬ್ಯಾಡ್ರಿ. ನೆಲ ಜಾಸ್ತಿ ಆದ್ರ ಮೊದಲ ಮೂರು ಸುತ್ತು ಎಲ್ಲಾರೂ ಖಾಲಿ ಜಾಗಾ ಹಿಡಕೊಂತ ಹೋಗತಾರ, ಒಬ್ಬರ ಮಾರಿ ಒಬ್ಬರು ನೋಡೂದಿಲ್ಲ. 19ರಾಗ ಐದೂ ಮಂದಿಗೆ ಹೊರಗಿನ ಸುತ್ತಿನ್ಯಾಗ ಒಂದು ರಾಜಧಾನಿ, ಅದರ ಮಗ್ಗಲಕ್ಕ ಒಂದು ಹಳ್ಳಿ ಕೊಡ್ರಿ. ಹತ್ತು ಹೋದ್ವು, ಒಂಬತ್ತು ಖಾಲಿ ಉಳಿದ್ವು. ಮೊದಲನೇ ರವಿವಾರನ ಗಡಿ ತಂಟೆ ಶುರು.

ಈಗ ನಮ್ಮ ಕಥಿ. ಹುಬ್ಬಳ್ಳ್ಯಾಗ ಗೆಳೆಯಾನ ಮಾಳಿಗಿ ಮ್ಯಾಲಿನ ಖೋಲ್ಯಾಗ ನಾವೂ ಐದು ಮಂದಿ ಶುರು ಮಾಡಿದ್ವಿ. ನಿಯಮ ಸರಳ ಇತ್ತು: ಎಲ್ಲಾರಿಗೂ 750 ಪಾಯಿಂಟಿನ ಸೈನ್ಯ (ಒಂದೊಂದು ತುಕಡಿಗೂ ಅದರ ಬಲದ ಪ್ರಕಾರ ಇಷ್ಟ ಪಾಯಿಂಟ್ ಅಂತ ಇರತೈತಿ), ಗೆದ್ದ ಒಂದೊಂದು ತುಂಡಿಗೆ 50 ಪಾಯಿಂಟ್ ಜಾಸ್ತಿ. ನೆಲ ಜಾಸ್ತಿ ಇದ್ದಾಂವ ದಂಡು ಜಾಸ್ತಿ ಸಾಕತಾನ, ನ್ಯಾಯನ ಐತಿ ಅಂತ ನಮಗೂ ಅನಿಸಿತ್ತು. ನಾಕನೇ ಸುತ್ತಿಗೆ ಒಬ್ಬಾಂವನ ಕಡೆ ಒಂಬತ್ತು ತುಂಡು, ಅಂದ್ರ 1200 ಪಾಯಿಂಟ್. ನನ್ನ ಕಡೆ ಎರಡು, 850. ಅವತ್ತ ಆಟ ಹಚ್ಚೂಕಿಂತ ಮೊದಲ ಇಬ್ಬರಿಗೂ ಗೊತ್ತಿತ್ತು ಏನ್ ಆಗತೈತಿ ಅಂತ. ಮುಂದಿನ ರವಿವಾರ ಒಬ್ಬಾಂವಗ ಗದಗಿನ್ಯಾಗ ಬೀಗರ ಲಗ್ನ, ಇನ್ನೊಬ್ಬಾಂವಗ ಹೊಲಕ್ಕ ಗೊಬ್ಬರ ಹೊಡಿಯೂದು. ಅದರ ಮುಂದಿನ ರವಿವಾರ ಖೋಲಿ ಬಾಗಿಲಾ ತಗೀಲೇ ಇಲ್ಲ. ಗೆದ್ದಾಂವನೂ ಖುಷಿ ಇದ್ದಿಲ್ಲ ಬಿಡ್ರಿ, ಸೋಲಸಾಕ ಯಾರೂ ಉಳಿದಿದ್ದಿಲ್ಲ.

1200ಕ್ಕ 850 ಅಂದ್ರ ಒಂದೂವರಿ ಪಟ್ಟಿಗಿಂತ ಕಡಿಮಿ, ಅಷ್ಟೇನೂ ಇಲ್ಲ ಅನಸತೈತಿ. ಆದ್ರ ಮೊದಲನೇ ಮಹಾಯುದ್ಧದ ಹೊತ್ತಿನ್ಯಾಗ ಲ್ಯಾಂಚೆಸ್ಟರ್ ಅನ್ನೋ ಇಂಗ್ಲಂಡಿನ ಎಂಜಿನಿಯರ್ ಒಂದು ಲೆಕ್ಕಾ ಹಾಕ್ಯಾನ: ದೂರದಿಂದ ಹೊಡದಾಡೋ ಸೈನ್ಯದ ಬಲ ತಲಿ ಎಣಿಕಿ ಹಂಗ ಬೆಳೆಯೂದಿಲ್ಲ, ಎಣಿಕಿಯ ವರ್ಗದ ಹಂಗ ಬೆಳೀತೈತಿ. 1200 ಅಂದ್ರ 850ರ 1.41 ಪಟ್ಟು, ಅದರ ವರ್ಗ ಹತ್ರಹತ್ರ 2. ಅಂದ್ರ ಅಂವ ನನಗಿಂತ ಎರಡು ಪಟ್ಟು ಗಟ್ಟಿ ಇದ್ದ. ಬಿಲ್ಲುಗಾರರ ಸೈನ್ಯದಾಗ ಇದು ಕಣ್ಣಿಗೆ ಕಾಣತೈತಿ. ಕತ್ತಿ ಹಿಡದು ಎದುರಾಬದುರಾ ನಿಂತಾಗ ಅಷ್ಟ ಕೆಟ್ಟ ಆಗೂದಿಲ್ಲ, ಯಾಕಂದ್ರ ಹಿಂದಿನ ಸಾಲಿನವರಿಗೆ ಕೈ ಎಟಕೂದಿಲ್ಲ.

ಅದಕ್ಕ ನನ್ನ ಮೊದಲನೇ ನಿಯಮ, ಉಳಿದದ್ದು ಏನರ ಬದಲ ಮಾಡ್ರಿ, ಇದನ್ನ ಮಾತ್ರ ಬಿಡಬ್ಯಾಡ್ರಿ: ಮೇಜಿನ ಮ್ಯಾಲ ಯಾವತ್ತೂ ಸಮಾ ಸೈನ್ಯ. ವನ್ ಪೇಜ್ ರೂಲ್ಸ್‌ನವರ ಏಜ್ ಆಫ್ ಫ್ಯಾಂಟಸಿ ಆಡತಿದ್ರ 750 ಅಂದ್ರ 750 (ಅದರ ಮೂಲ ನಿಯಮ ಪುಕಟ ಸಿಗತಾವ). ಡ್ರ್ಯಾಗನ್ ರ‍್ಯಾಂಪಂಟ್ ಆಡತಿದ್ರ ಅದರ ಲೆಕ್ಕದ 24 ಪಾಯಿಂಟ್. ನೆಲ ಗೆದ್ದಾಂವಗ ಏನ್ ಸಿಗತೈತಿ ಅಂದ್ರ, ಆರಿಸೋ ಅವಕಾಶ. ಒಂದೊಂದು ತುಂಡಿಗೆ ಒಂದೊಂದು ಕಾಣಿಕಿ, ಅಂದ್ರ ಕಾಳಗದಾಗ ಸಿಗೋ ಒಂದು ಸಣ್ಣ ಅನುಕೂಲ, ಬರೀರಿ. ಎಷ್ಟ ತುಂಡು ಇದ್ರೂ ಒಂದು ಕಾಳಗಕ್ಕ ಒಂದ ಕಾಣಿಕಿ ಬಳಸೂದು. ಒಂಬತ್ತು ತುಂಡಿನಾಂವ ಒಂಬತ್ತರಾಗ ಒಂದು ಆರಸತಾನ, ಎರಡಿನಾಂವ ಎರಡರಾಗ ಒಂದು. ದೊಡ್ಡಾಂವಗ ಅನುಕೂಲ ಐತಿ, ಸಣ್ಣಾಂವ ಸತ್ತಿಲ್ಲ.

ಕಾಣಿಕಿ ನಮ್ಮ ಸುತ್ತಮುತ್ತ ಹುಡುಕ್ರಿ. ಕಲ್ಪನಾ ಲೋಕದ ಹೆಸರು ಬೇಕಂತ ಒದ್ದಾಡಿದ್ರ ಎಲ್ಲಾ ಊರೂ ಒಂದ ಥರ ಕೇಳಸತಾವ. ನಮ್ಮ ನಕಾಶೆದಾಗ ಲಕ್ಕುಂಡಿ ಟಂಕಸಾಲಿ, ಯಾಕಂದ್ರ ಲೊಕ್ಕಿ ಗದ್ಯಾಣ ಅನ್ನೋ ನಾಣ್ಯ ಖರೇನ ಅಲ್ಲಿಂದ ಬಂದಿದ್ದು. ಅದು ಇದ್ದಾಂವಗ ಒಂದು ಬಾಡಿಗಿ ತುಕಡಿ, ಅಷ್ಟ ಪಾಯಿಂಟಿಂದು ತನ್ನದೊಂದು ತಗದಿಟ್ಟು. ಕಪ್ಪತಗುಡ್ಡದಾಗ ಗಿಡಮೂಲಿಕಿ, ಒಂದು ತುಕಡಿಯ ಗಾಯ ವಾಸಿ. ಮಾಗಡಿ ಕೆರಿಗೆ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರತಾವಲ್ಲ, ಅವು ಗೂಢಚಾರರು, ವೈರಿ ಸೈನ್ಯ ಇಟ್ಟ ಮ್ಯಾಲ ನಿಮ್ಮ ಎರಡು ತುಕಡಿ ಇಡಬಹುದು. ಬ್ಯಾಡಗಿಗೆ ನಾನು ಮೆಣಸಿನಕಾಯಿ ಹೊಗಿ ಅಂತ ಬರದಿದ್ದೆ, ವೈರಿ ಕಣ್ಣು ಉರಿದು ಗುರಿ ತಪ್ಪತೈತಿ ಅಂತ. ಹಾವೇರಿ ಕಡೆಯಾಂವ ಒಬ್ಬ ಎದ್ದು ನಿಂತು ಜಗಳಾ ತಗದ: "ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಮ್ಮಿ, ಅಷ್ಟೂ ಗೊತ್ತಿಲ್ಲೇನ?" ಅಂವ ಹೇಳಿದ್ದು ಖರೇನ. ಹೊಗಿ ತಗದು ಕೆಂಪು ಬಾವುಟ ಮಾಡಿದ್ವಿ, ಒಮ್ಮೆ ಧೈರ್ಯದ ದಾಳ ಮತ್ತ ಉರುಳಸಬಹುದು.

ಸುತ್ತು ನಡಿಯೂದು ಹಿಂಗ. ಎಲ್ಲಾರೂ ಚೀಟಿ ಬರದು ಧಾರವಾಡ ಪೇಡೆದ ಡಬ್ಬಿಗೆ ಹಾಕ್ರಿ (ಪೇಡೆ ಮೊದಲ ತಿಂದು). ಚೀಟ್ಯಾಗ ಮೂರರಾಗ ಒಂದು: ಇಂಥ ತುಂಡಿಗೆ ದಂಡೆತ್ತತೇನಿ, ಇಲ್ಲೇ ಕಾಯತೇನಿ, ಇಲ್ಲಾ ಕೋಟಿ (ಕೋಟೆ) ಕಟ್ಟತೇನಿ. ಒಮ್ಮೆಲೇ ತಗದು ಓದ್ರಿ. ಬಾಯಿಲೆ ಹೇಳೂ ಪದ್ಧತಿ ಇಟ್ರ ಕಡೀಕ ಹೇಳೋನ ಗೆಲ್ಲತಾನ. ಒಬ್ಬರಮ್ಯಾಲೊಬ್ಬರು ದಂಡೆತ್ತಿದ್ರ ಗಡ್ಯಾಗ ಕಾಳಗ. ಒಬ್ಬಾಂವನ ಮ್ಯಾಲ ಇಬ್ಬರು ಬಂದ್ರ, ಕಡಿಮಿ ನೆಲ ಇದ್ದಾಂವ ಮೊದಲ ಆಡತಾನ, ಇನ್ನೊಬ್ಬಾಂವ ಖಾಲಿ ತುಂಡು ಹಿಡೀಲಿ. ಮೂರು ಪೂರಾ ಸೈನ್ಯ ಒಂದ ಮೇಜಿಗೆ ಬ್ಯಾಡ, ಇಬ್ಬರು ಹೊಡದಾಡೂದು ಒಬ್ಬಾಂವ ಮೂಲ್ಯಾಗ ಕುಂತು ನೋಡೂದು, ಕಡೀಕ ಅಂವನ ಗೆಲ್ಲೂದು.

ಐದು ಮಂದಿ ಅಂದ್ರ ಪ್ರತಿ ಸುತ್ತಿಗೂ ಒಬ್ಬಾಂವ ಖಾಲಿ. ಅಂವನ್ನ ಮನೀಗೆ ಕಳಸಿದ್ರ ಮುಂದಿನ ಸಲ ಬರೂದಿಲ್ಲ. ಅಂವಗ 150 ಪಾಯಿಂಟಿನ ದರೋಡೆ ಪಡೆ ಕೊಟ್ಟು ಎರಡು ಕಾಳಗದಾಗ ಯಾವುದಕ್ಕರ ಬಿಡ್ರಿ. ಒಂದು ತುಕಡಿ ಪೂರಾ ಅಳಿಸಿದ್ರ ಅಂವಗ ಒಂದು ಹೊನ್ನು. ಹೊನ್ನು ಎರಡು ಕೂಡಿದ್ರ ಒಂದು ಕೋಟಿ. ನಮ್ಮಲ್ಲೆ ಈಗ ಖಾಲಿ ಕುಂದರೂ ಪಾಳಿಗೆ ಜಗಳ ನಡೀತೈತಿ.

ಇನ್ನ ಕಾಳಗ ಎಂಥಾದ್ದು ಅನ್ನೋದು. ಬರೇ ಎದುರಾಬದುರಾ ನಿಂತು ಕೊಲ್ಲೋ ಆಟ ಆರು ಸುತ್ತು ಆಡಿದ್ರ ಯಾರಿಗೂ ಬ್ಯಾಸರ. ಹಾನಗಲ್ಲಿಗೆ ಹೋದಾಗ ಅಲ್ಲಿ ವೀರಗಲ್ಲು ನೋಡಿ ನನಗ ತಲ್ಯಾಗ ಹೊಳದದ್ದು ಇದು. ಆ ಕಲ್ಲಿನ ಬರಹದಾಗ ಯುದ್ಧದ ಕಾರಣ ಬರದಿರತಾರ: ತುರುಗೋಳು (ದನಾ ಹೊಡಕೊಂಡು ಹೋಗೂದು), ಊರಳಿವು (ಊರು ಹಾಳು ಮಾಡೂದು), ಗಡಿ ಕಾಳಗ. ಮೂರೂ ಎತ್ತಿಕೊಂಡು ಆಟ ಮಾಡಿದ್ವಿ. (ಪೆಣ್ಬುಯ್ಯಲ್, ಅಂದ್ರ ಹೆಂಗಸರ ಮಾನ ಕಾಯೋ ಕಾಳಗ ಅಂತನೂ ಐತಿ, ಅದನ್ನ ಆಟ ಮಾಡೂದು ನಮಗ ಸರಿ ಕಾಣಲಿಲ್ಲ, ಬಿಟ್ಟಿವಿ.)

ತುರುಗೋಳಿಗೆ ಮೇಜಿನ ನಡುವ ಆರು ದನಾ. ಮುಟ್ಟಿದ ತುಕಡಿ ಒಂದು ದನಾ ಹೊಡಕೊಂಡು ಹೋಗಬಹುದು, ಆದ್ರ 4 ಇಂಚಿಗಿಂತ ಜಾಸ್ತಿ ನಡೆಯಂಗಿಲ್ಲ, ಬಾಣ ಬಿಡಂಗಿಲ್ಲ. ಐದು ಸರದಿ ಒಳಗ ಯಾರ ಅಂಚಿಗೆ ಜಾಸ್ತಿ ದನಾ ಮುಟ್ಟಿದ್ವೋ ಅವರು ಗೆದ್ರು. ಇದರ ಚಂದ ಏನಂದ್ರ, ಸೈನ್ಯ ಎಲ್ಲಾ ಸತ್ತರೂ ನಾಕು ದನಾ ದಾಟಿಸಿದಾಂವ ಗೆದ್ದಂಗ. ಬಡಪಾಯಿ ಸೈನ್ಯಕ್ಕೂ ಗೆಲ್ಲಾಕ ದಾರಿ ಐತಿ. ಮಣ್ಣೆತ್ತಿನ ಅಮಾಸಿಗೆ ತಂದ ಎತ್ತು ಎತ್ತಿಟ್ಟಿದ್ದೆ, ಅವನ್ನ ಇಟ್ವಿ. 28 ಮಿಲಿಮೀಟರ್ ಗೊಂಬಿ ಮುಂದ ಒಂದೊಂದು ಎತ್ತು ಆನಿ ಹಂಗ ಕಾಣತಿತ್ತು, ಟ್ರೋಲ್ ಅನ್ನೋ ರಾಕ್ಷಸ ಗೊಂಬಿ ಸುದ್ದಾ ಅದರ ಹೊಟ್ಟಿ ಕೆಳಗ ಹಾದು ಹೋಗತಿತ್ತು.

ಊರಳಿವಿಗೆ ಮೂರು ಮನಿ, ದಾಳಿ ಮಾಡಿದಾಂವ ಒಂದು ಪೂರ್ತಿ ಸರದಿ ಮುಟ್ಟಿ ನಿಂತ್ರ ಸುಟ್ಟಂಗ. ಎರಡು ಸುಟ್ರ ಗೆದ್ದ. ಗಡಿ ಕಾಳಗಕ್ಕ ಮೇಜನ್ನ ಮೂಲಿಂದ ಮೂಲಿಗೆ ಕೋಯ್ದು ಎರಡು ಪಾಲು ಮಾಡ್ರಿ, ಅಷ್ಟ.

ವೀರಗಲ್ಲಿನಿಂದ ಇನ್ನೊಂದು ಎತ್ತಿಕೊಂಡೇವಿ, ಇದು ನನ್ನ ಪ್ರೀತಿ ನಿಯಮ. ಸರದಾರ ಬಿದ್ರ ಆಟ ಮುಗದ ಮ್ಯಾಲ ದಾಳ ಹಾಕ್ರಿ. 1 ಇಲ್ಲಾ 2 ಬಂದ್ರ ಖರೇನ ಸತ್ತ. ಆ ತುಂಡಿನ ಮ್ಯಾಲ ಅವನ ಹೆಸರು ಬರದು ಒಂದು ಸಣ್ಣ ಕಲ್ಲು ಇಡ್ರಿ. ಮುಂದ ಆ ನೆಲದಾಗ ಯಾವ ಕಾಳಗ ನಡದರೂ ಅವನ ಸೈನ್ಯಕ್ಕ ಮಾತ್ರ ಒಂದು ದಾಳ ಮತ್ತ ಉರುಳಸಾಕ ಅವಕಾಶ, ನೆಲ ಈಗ ಯಾರದ್ದರ ಇರಲಿ. ನೆಲ ಕಳಕೊಂಡಾಂವಗ ತಿರುಗಿ ಹೋಗಾಕ ಒಂದು ಕಾರಣ ಸಿಗತೈತಿ. ನಮ್ಮ ಬಂಕಾಪುರ ತುಂಡಿನ ಮ್ಯಾಲ ಈಗ ಮೂರು ಕಲ್ಲು ಅದಾವ, ಮೂರೂ ಬ್ಯಾರೆ ಬ್ಯಾರೆ ಸೈನ್ಯದ್ದು. ಆ ತುಂಡಿನ ಕಾಣಿಕಿ ಏನಿತ್ತು ಅನ್ನೋದು ಯಾರಿಗೂ ನೆನಪಿಲ್ಲ, ಅಲ್ಲೇ ಹೋಗಿ ಬಡದಾಡತೀವಿ.

ಹೊಸ ಸರದಾರ ಬಂದಾಗ ಇಸ್ಪೀಟ್ ಎಲಿ ತಗದು ಅವನ ಸ್ವಭಾವ ನಿರ್ಧಾರ ಮಾಡ್ರಿ. ಇದು ನನ್ನ ಬುದ್ಧಿ ಅಲ್ಲ, ಟೋನಿ ಬಾತ್ ಅನ್ನೋ ಇಂಗ್ಲಂಡಿನ ಹಳೇ ಆಟಗಾರ ಹೈಬೋರಿಯಾ ಅನ್ನೋ ತನ್ನ ದೊಡ್ಡ ನಕಾಶೆ ಆಟದಾಗ ಹಿಂಗ ಎಲಿ ಹಾಕತಿದ್ದ. ಅವನದ್ದು ವರ್ಷಗಟ್ಟಲೆ ನಡೀತು, ನಿಮಗ ಒಂದು ಎಲಿ ಸಾಕು. ಕಳಾವರ್ ಬಂದ್ರ ಸಿಟ್ಟಿನಾಂವ, ಇಸ್ಪೀಟ್ ಬಂದ್ರ ದುರಾಸೆ, ಹಿಂಗ ನಾಕು ನೀವ ಬರಕೊಳ್ರಿ.

ರಾಜಧಾನಿ ಬಿದ್ರ ಏನು? ಆಟದಿಂದ ಹೊರಗ ಹಾಕಬ್ಯಾಡ್ರಿ, ಸಾಮಂತ ಮಾಡ್ರಿ. ಹಾನಗಲ್ಲ ಕದಂಬರು ಕಲ್ಯಾಣ ಚಾಲುಕ್ಯರ ಕೈ ಕೆಳಗ ಹಂಗ ಇದ್ದವರು. ಸಾಮಂತನ ರಾಜಧಾನಿ ಅವನ ಕಡೆನ ಇರತೈತಿ, ಸುತ್ತಿಗೊಂದು ಹೊನ್ನು ಕಪ್ಪ ಕೊಡಬೇಕು, ಒಡೆಯನ ಮ್ಯಾಲ ದಂಡೆತ್ತಂಗಿಲ್ಲ. ಆದ್ರ ಇಡೀ ಆಟದಾಗ ಒಮ್ಮೆ ಚೀಟ್ಯಾಗ "ದಂಗೆ" ಅಂತ ಬರೀಬಹುದು. ಆ ಒಂದು ಕಾಳಗಕ್ಕ ಅಂವಗ ಎರಡು ಕಾಣಿಕಿ. ಆ ಚೀಟಿ ಓದೂ ಹೊತ್ತಿನ್ಯಾಗ ಒಡೆಯನ ಮಾರಿ ನೋಡಬೇಕ್ರಿ.

ಯಾವಾಗ ಆಡೂದು? ಉಗಾದಿಗೆ ಶುರು ಮಾಡ್ರಿ, ಎರಡು ವಾರಕ್ಕೊಂದು ಸುತ್ತು, ಆರು ಸುತ್ತು, ಕಾರಹುಣ್ಣಿಮಿ ಒಳಗ ಮುಗೀತೈತಿ. ಮುಂದ ಮಳಿ ಬಿತ್ತಂದ್ರ ಹೊಲ ಇದ್ದವರು ಬಿತ್ತಿಗಿ ಬಿಟ್ಟು ದಾಳ ಹಾಕಾಕ ಬರೂದಿಲ್ಲ, ಬರಲೂಬಾರದು. ಕಡೀ ಎರಡು ಸುತ್ತಿಗೆ ಮಳಿ ನಿಯಮ ಹಚ್ಚಿರಿ: ಮೂಡಣ ದಿಕ್ಕಿನ ತುಂಡೆಲ್ಲಾ ಎರಿ ನೆಲ, ನವಲಗುಂದ, ರೋಣದ ಕಡೆ ಇದ್ದಂಗ. ಅಲ್ಲಿ ರಥ, ಬಂಡಿ, ಕವಣಿ ಯಂತ್ರ ಅರ್ಧ ನಡಿಗಿ. ಮಳಿಗಾಲದಾಗ ಎರಿ ಹೊಲದಾಗ ಕಾಲಿಟ್ಟು ಚಪ್ಪಲಿ ಕಳಕೊಂಡವರಿಗೆ ಇದನ್ನ ವಿವರಸೂದು ಬ್ಯಾಡ. ಪಡುವಣ ದಿಕ್ಕಿಗೆ, ಕಲಘಟಗಿ ಅಳ್ನಾವರ ಕಡೆ ಹಂಗ, ಗಿಡಮರ ಜಾಸ್ತಿ ಇಡ್ರಿ.

ಐದನೇ ಸುತ್ತು ಮುಗದ ಮ್ಯಾಲ ದಾಳ ಹಾಕ್ರಿ, 1 ಇಲ್ಲಾ 2 ಬಂದ್ರ ಅಲ್ಲಿಗೇ ಆಟ ಮುಗೀತು. ಈ ನಿಯಮ ಇಲ್ಲಾಂದ್ರ ಆರನೇದು ಕಡೀದು ಅಂತ ಗೊತ್ತಿದ್ದು ಎಲ್ಲಾರೂ ರಾಜಧಾನಿ ಬರಿದು ಮಾಡಿ ಮುಂದ ನುಗ್ಗತಾರ, ನಾಳೆ ಅನ್ನೋದು ಇಲ್ಲಲ್ಲ. ಲೆಕ್ಕ: ತುಂಡಿಗೆ 1, ರಾಜಧಾನಿಗೆ 3, ಶುರುವಾತಿಗೆ ಎಲ್ಲಾರೂ ಗುಟ್ಟಾಗಿ ಎತ್ತಿದ ಗುರಿ ಪೂರೈಸಿದ್ರ 4. ಲೆಕ್ಕದ ವಹಿ ಒಬ್ಬಾಂವನ ಕೈಯಾಗ ಇರಲಿ, ನಾವು ಅವಗ ಕುಲಕರ್ಣಿ ಅಂತೀವಿ. ಪ್ರತಿ ರಾತ್ರಿ ನಕಾಶೆ ಫೋಟೋ ತಗೀರಿ. ನಮ್ಮ ಗೆಳೆಯಾನ ಮಗಳು, ಎರಡು ವರ್ಷದ ಕೂಸು, ಒಂದು ಸಲ ಮೂರು ರಾಜ್ಯ ಕಿತ್ತು ಬಾಯಾಗ ಇಟ್ಕೊಂಡಿತ್ತು.

ನಿಮ್ಮ ಐದು ಮಂದಿ ಸೈನ್ಯ ಯಾವ್ಯಾವು ಅಂತ ಬರೀರಿ, ಕಾಣಿಕಿ ಪಟ್ಟಿ ಅದಕ್ಕ ಹೊಂದಿಸಿ ಕೊಡತೇನಿ. ಅದರಾಗ ಅಸ್ಥಿಪಂಜರದ ಸೈನ್ಯ ಇದ್ರ ಮೊದಲ ಹೇಳ್ರಿ. ಸತ್ತು ಎದ್ದು ಬಂದ ಸರದಾರ ಮತ್ತ ಸತ್ರ ಅವಗ ವೀರಗಲ್ಲು ನಿಲ್ಲಸಬೇಕೋ ಬ್ಯಾಡೋ ಅಂತ ನಮ್ಮಲ್ಲೆ ಎರಡು ತಾಸು ವಾದ ನಡದು, ಅವತ್ತಿನ ಕಾಳಗನ ಆಗಲಿಲ್ಲ.